ಪಾದವನ್ನು ಕಟ್ಟುವ ಮುನ್ನ

ವಿಜಯಪುರದಿಂದ ಹೊರಟು ತಿಕೋಟಾದ ದ್ರಾಕ್ಷಿತೋಟಗಳ ಕಡೆಗೂ, ಬಬಲೇಶ್ವರ ಜೈನಾಪುರಗಳ ಎರೆಹೊಲಗಳ ಕಡೆಗೂ ಹರಿಯುವ ದಾರಿಗಳಲ್ಲಿ, ಬೆಳಗಿನ ಬಿಸಿಲು ಏರುವ ಮುನ್ನವೇ ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಒಬ್ಬರ ಹಿಂದೊಬ್ಬರಾಗಿ ಸೈಕಲ್ ತುಳಿಯುತ್ತ ಸಾಗುವ ಹುಡುಗ ಹುಡುಗಿಯರನ್ನು ಕಾಣದ ದಾರಿಹೋಕನು ವಿರಳ. ಕ್ರೀಡಾ ಇಲಾಖೆಯು ಈ ನಗರದಲ್ಲಿ ಸೈಕ್ಲಿಂಗಿನ ಕ್ರೀಡಾನಿಲಯವನ್ನು ನಡೆಸುತ್ತಿರುವುದಕ್ಕೂ, ೨೦೨೩ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ಇಲ್ಲಿಯೇ ನಡೆದುದಕ್ಕೂ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ನೆಲ ವಿಶಾಲ, ದಾರಿ ಉದ್ದ, ಎದುರುಗಾಳಿ ಧಾರಾಳ, ಇವೆಲ್ಲಕ್ಕಿಂತ ಮಿಗಿಲಾಗಿ ದಣಿವಿಗೆ ಹೆದರದ ಕಾಲುಗಳು ಒಕ್ಕಲುಮಕ್ಕಳ ಮನೆಮನೆಯಲ್ಲಿಯೂ ಇವೆ.

ಇಂಥ ಮನೆಯೊಂದಕ್ಕೆ ಮೊದಲ ರೇಸಿಂಗ್ ಸೈಕಲ್ಲು ಬಂದ ಕೆಲವು ದಿನಗಳಲ್ಲಿಯೇ ಒಂದು ಪ್ರಶ್ನೆಯು ತಲೆದೋರುತ್ತದೆ. ಊರಿನ ಸೈಕಲ್ಲಿನಲ್ಲಿ ಪಾದವು ಪೆಡಲಿನ ಮೇಲೆ ಸ್ವತಂತ್ರವಾಗಿ ಕೂತಿರುತ್ತಿತ್ತು. ಸ್ಪರ್ಧೆಯ ಸೈಕಲ್ಲಿನಲ್ಲಿ ಪಾದವನ್ನು ಪೆಡಲಿಗೆ ಬಂಧಿಸಬೇಕೆನ್ನುತ್ತಾರೆ. ಯಾವುದರಿಂದ ಬಂಧಿಸಬೇಕು, ಎಷ್ಟು ಬಿಗಿಯಾಗಿ, ಎಂದಿನಿಂದ? ಇದೇ ಪ್ರಶ್ನೆಯನ್ನು ಸಹಸ್ರಾರು ಮೈಲು ದೂರದ ಹಿಮಪರ್ವತಗಳಲ್ಲಿ ಸ್ನೋಬೋರ್ಡ್ ಎಂಬ ಹಲಗೆಯನ್ನು ಏರಹೊರಟ ಹೊಸಬರೂ ಕೇಳುತ್ತಾರೆ. ಅವರ ಬೂಟನ್ನು ಹಲಗೆಗೆ ಹಿಡಿದಿಡುವ ಸಾಧನಕ್ಕೆ ಬೈಂಡಿಂಗ್ ಎಂದು ಹೆಸರು. ನಮ್ಮ ಸುಡುಬಿಸಿಲಿನ ಡೋಣಿ ಹೊಳೆಯ ಬಯಲಿಗೂ ಹಿಮದ ಇಳಿಜಾರಿಗೂ ಯಾವ ನಂಟೆಂದು ಓದುಗರು ಹುಬ್ಬೇರಿಸಬಹುದು. ಆದರೆ ಇಂದು ನಮ್ಮ ಸ್ಪರ್ಧಿಗಳು ತುಳಿಯುವ ಪೆಡಲು ಹುಟ್ಟಿದುದೇ ಹಿಮಕ್ರೀಡೆಯ ಸಾಮಾನು ಮಾಡುವ ಕಾರ್ಖಾನೆಯಲ್ಲಿ. ಆ ಕಥೆ ಮುಂದೆ ಬರುತ್ತದೆ.

ಇಂಥ ಸಾಧನವನ್ನು ಕೊಳ್ಳುವ ಸಂದರ್ಭದಲ್ಲಿ ಅಂಗಡಿಯವನು ವೇಗದ ಮಾತನ್ನಾಡುತ್ತಾನೆ, ಜೊತೆಗೆ ಬಂದ ಹಿರಿಯ ಸವಾರನು ತಾನು ಬಳಸುವ ಕಂಪನಿಯ ಹೆಸರನ್ನು ಹೇಳುತ್ತಾನೆ, ಹಣ ಕೊಡುವ ತಂದೆಯು ಬೆಲೆಯನ್ನು ವಿಚಾರಿಸುತ್ತಾನೆ. ಈ ಮೂರೂ ಉಪೇಕ್ಷಣೀಯವಲ್ಲ. ಆದರೆ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ, ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆಯೊಂದುಂಟು: ಸವಾರನು ಬೀಳುವ ಗಳಿಗೆಯಲ್ಲಿ ಈ ಬಂಧವು ಏನು ಮಾಡುತ್ತದೆ? ಹೊಸಬನು ಗೆಲ್ಲುವನೋ ಇಲ್ಲವೋ ಹೇಳಬರುವುದಿಲ್ಲ, ಬೀಳುವುದಂತೂ ಖಂಡಿತ. ಖಂಡಿತವಾದುದನ್ನು ಬದಿಗಿಟ್ಟು ಸಂಶಯಾಸ್ಪದವಾದುದಕ್ಕಾಗಿ ಹಣ ತೆರುವುದು ವಿವೇಕವಲ್ಲ.

ಸವಾರನ ಪಾದವನ್ನು ವಾಹನಕ್ಕೆ ಕೂಡಿಸುವ ವಿದ್ಯೆಯು ಸೈಕಲ್ಲಿಗಿಂತ ಬಹು ಪ್ರಾಚೀನವಾದುದು. ೧೪೯೦ರಿಂದ ೧೬೮೬ರ ವರೆಗೆ, ವಿಜಾಪುರವೆನಿಸಿದ್ದ ಈ ವಿಜಯಪುರವನ್ನಾಳಿದ ಆದಿಲಶಾಹಿಗಳ ಅಶ್ವಾರೋಹಿಗಳೂ ಅದನ್ನು ಬಲ್ಲವರೇ ಆಗಿದ್ದರು. ನಮ್ಮ ಹಳೆಯ ಗ್ರಂಥಗಳು ಅಂಕವಣೆಯೆಂದೂ ಜನರ ಮಾತು ರಿಕಾಬೆಂದೂ ಕರೆಯುವ ಆ ಲೋಹದ ಬಳೆಯಲ್ಲಿ ಕಾಲೂರಿದಾಗಲೇ ಸವಾರನಿಗೆ ಕುದುರೆಯ ಮೇಲೆ ಸ್ಥೈರ್ಯ ದೊರೆಯುತ್ತಿದ್ದುದು. ಆದರೆ ಕುದುರೆ ಬೆದರಿ ಸವಾರನನ್ನು ಕೆಡಹಿದಾಗ, ಪಾದವು ರಿಕಾಬಿನೊಳಗೆ ಸಿಕ್ಕಿಕೊಂಡರೆ ಅದೇ ಬಳೆಯು ಅವನನ್ನು ನೆಲದ ಮೇಲೆ ಎಳೆದೊಯ್ಯುವ ಪಾಶವಾಗುತ್ತದೆ. ಪಾದದ ಮುಂಭಾಗವನ್ನಷ್ಟೇ ರಿಕಾಬಿನಲ್ಲಿರಿಸು, ಹಿಮ್ಮಡಿಯನ್ನು ತಗ್ಗಿಸಿ ಹಿಡಿ, ಹಿಮ್ಮಡಿ ಎತ್ತರವಾದ ಬೂಟನ್ನು ಧರಿಸು ಎಂದು ಸವಾರಿ ಕಲಿಸುವವರು ಇಂದಿಗೂ ಹೇಳುವ ಮೂರು ಮಾತುಗಳು, ಬಿದ್ದಾಗ ಕಾಲು ಕಳಚಿಕೊಳ್ಳಲಿ ಎಂಬ ಒಂದೇ ಎಚ್ಚರದಿಂದ ಹುಟ್ಟಿದವು.

ಸೈಕಲ್ ಸ್ಪರ್ಧೆಯು ಬೆಳೆದಂತೆ ಪೆಡಲಿನ ಮುಂದುಗಡೆ ಲೋಹದ ಪಂಜರವೊಂದು ಬಂದಿತು; ಅದರೊಳಗೆ ಪಾದವನ್ನು ತೂರಿಸಿ, ಮೇಲಿನಿಂದ ಚರ್ಮದ ಪಟ್ಟಿಯನ್ನು ಬಿಗಿಯುವ ಪದ್ಧತಿಯು ಬಹುಕಾಲ ನಡೆಯಿತು. ನಿಲ್ಲಬೇಕಾದಾಗ ಕೈಯನ್ನು ಕೆಳಗೆ ಚಾಚಿ ಪಟ್ಟಿಯನ್ನು ಸಡಿಲಿಸಬೇಕು. ಮರೆತವನು ಸೈಕಲ್ಲಿನೊಡನೆಯೇ ಪಕ್ಕಕ್ಕೆ ಉರುಳುವನು. ೧೯೭೦ರ ದಶಕದ ಆದಿಯಲ್ಲಿ ಇಟಲಿಯ ಚಿನೆಲ್ಲಿ ಕಂಪನಿಯು ಎಂ-೭೧ ಎಂಬ ಪೆಡಲನ್ನು ತಂದು ಪಂಜರವನ್ನೂ ಪಟ್ಟಿಯನ್ನೂ ತೊಲಗಿಸಿತಾದರೂ, ಬೂಟಿನ ತಳವನ್ನು ಕಚ್ಚಿ ಹಿಡಿಯುತ್ತಿದ್ದ ಆ ಪೆಡಲಿನಿಂದ ಬಿಡಿಸಿಕೊಳ್ಳಲು ಕೈಯಿಂದಲೇ ಸನ್ನೆಯೊಂದನ್ನು ಒತ್ತಬೇಕಾಗಿತ್ತು. ಬೀಳುವವನ ಕೈ ನೆಲವನ್ನು ತಡವುತ್ತದೆಯೇ ಹೊರತು ಪೆಡಲನ್ನಲ್ಲ. ಹಿಡಿಯುವುದರಲ್ಲಿ ಚೊಕ್ಕಟವಾಗಿದ್ದ ಆ ಯಂತ್ರವು ಬಿಡುವುದರಲ್ಲಿ ಸೋತು, ಜನಾದರವನ್ನು ಪಡೆಯದೆ ಹೋಯಿತು.

ಪರಿಹಾರವು ಹಿಮದ ಕಡೆಯಿಂದ ಬಂದಿತು. ಸ್ಕೀ ಎಂಬ ಜೋಡಿ ಹಲಗೆಗಳ ಮೇಲೆ ಜಾರುವವನು ಬಿದ್ದಾಗ ಉದ್ದನೆಯ ಹಲಗೆಯು ಸನ್ನೆಗೋಲಿನಂತೆ ವರ್ತಿಸಿ ಅವನ ಮೊಳಕಾಲನ್ನು ತಿರುಚುವುದರಿಂದ, ನಿಯತಪ್ರಮಾಣವನ್ನು ಮೀರಿದ ಬಲ ಬಿದ್ದೊಡನೆ ತಾನಾಗಿಯೇ ಬೂಟನ್ನು ಬಿಟ್ಟುಕೊಡುವ ಬೈಂಡಿಂಗುಗಳನ್ನು ಆ ಕ್ರೀಡೆಯವರು ಬಹಳ ಹಿಂದೆಯೇ ರೂಪಿಸಿಕೊಂಡಿದ್ದರು. ಆ ತಯಾರಿಕೆಯಲ್ಲಿ ಹೆಸರಾಂತ ಫ್ರಾನ್ಸಿನ ಲುಕ್ ಕಂಪನಿಯು ಅದೇ ತತ್ತ್ವವನ್ನು ೧೯೮೪ರಲ್ಲಿ ಪೆಡಲಿಗೆ ಅಳವಡಿಸಿತು. ಬೂಟಿನ ತಳಕ್ಕೆ ಕ್ಲೀಟ್ ಎಂಬ ಬಿಲ್ಲೆ. ಮೆಟ್ಟಿದರೆ ಅದು ಪೆಡಲಿನ ಸ್ಪ್ರಿಂಗಿನೊಳಗೆ ಟಪ್ಪೆಂದು ಕೂರುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ಹೊರಳಿಸಿದರೆ ಕಳಚಿಕೊಳ್ಳುತ್ತದೆ. ಕೈಯ ಕೆಲಸವೇ ಇಲ್ಲ. ಮರುವರ್ಷ, ೧೯೮೫ರಲ್ಲಿ, ಬರ್ನಾರ್ ಹಿನೋ ಎಂಬ ಸವಾರನು ಆ ಪೆಡಲುಗಳನ್ನು ತುಳಿದೇ ಟೂರ್ ಡಿ ಫ್ರಾನ್ಸ್ ಎಂಬ ರಸ್ತೆಸ್ಪರ್ಧೆಯನ್ನು ಗೆದ್ದನು; ಕೆಲವೇ ವರ್ಷಗಳಲ್ಲಿ ಚರ್ಮದ ಪಟ್ಟಿಯು ರಸ್ತೆಯ ಸ್ಪರ್ಧೆಯಿಂದ ಮರೆಯಾಯಿತು. ೧೯೯೦ರಲ್ಲಿ ಜಪಾನಿನ ಶಿಮಾನೊ ಕಂಪನಿಯು ಇನ್ನೂ ಚಿಕ್ಕದಾದ, ಬೂಟಿನ ತಳದ ಕುಳಿಯೊಳಗೆ ಅಡಗಿಕೊಳ್ಳುವ ಎಸ್‌ಪಿಡಿ ಕ್ಲೀಟನ್ನು ತಂದಿತು. ಅದೇ ದಶಕದಲ್ಲಿ ಅಮೆರಿಕದ ಕೆ-೨ ಕಂಪನಿಯೊಡಗೂಡಿ, ಮೆಟ್ಟಿದರೆ ಕಚ್ಚಿಕೊಳ್ಳುವ ಬೈಂಡಿಂಗನ್ನು ಸ್ನೋಬೋರ್ಡಿಗೂ ಒದಗಿಸಿತು. ಹೀಗೆ ಹಿಮದಿಂದ ರಸ್ತೆಗಿಳಿದ ವಿದ್ಯೆಯು ರಸ್ತೆಯಿಂದ ಮರಳಿ ಹಿಮಕ್ಕೇರಿತು.

ನಮ್ಮ ನಾಡಿನವರಿಗೂ ಹಿಮವು ಈಗ ಅಪರಿಚಿತವಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಹಿಮದ ಮೇಲೆ ದೂರದ ಹಾದಿ ಕ್ರಮಿಸುವ ಕ್ರಾಸ್ ಕಂಟ್ರಿ ಸ್ಕೀಯಿಂಗಿನಲ್ಲಿ ಭಾರತವನ್ನು ಪ್ರತಿನಿಧಿಸಿ, ೨೦೨೫ರಲ್ಲಿ ಚಿಲಿ ದೇಶದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯ ಕಂಚಿನ ಪದಕವನ್ನು ಪಡೆದರು. ಅವರ ಕ್ರೀಡೆಯ ಬೈಂಡಿಂಗು ಬೂಟಿನ ತುದಿಯನ್ನಷ್ಟೇ ಹಿಡಿಯುತ್ತದೆ. ನಡಿಗೆಯಲ್ಲೆಂತೋ ಅಂತೆಯೇ ಹಿಮ್ಮಡಿಯು ಏಳಲೇಬೇಕಾದುದರಿಂದ ಅದನ್ನು ಕಟ್ಟುವುದಿಲ್ಲ. ಬೆಟ್ಟದ ಇಳಿಜಾರಿನ ಸ್ಕೀಯಲ್ಲಿ ತುದಿ, ಹಿಮ್ಮಡಿಗಳೆರಡನ್ನೂ ಹಿಡಿದು, ಬಿದ್ದಾಗ ಬಿಡುತ್ತಾರೆ. ಸ್ನೋಬೋರ್ಡಿನಲ್ಲಾದರೋ ಎರಡೂ ಪಾದಗಳನ್ನು ಒಂದೇ ಹಲಗೆಗೆ ಅಡ್ಡಲಾಗಿ ಬಿಗಿದು, ಬಿದ್ದರೂ ಬಿಡುವುದಿಲ್ಲ.

ಈ ಕೊನೆಯ ಮಾತು ಮೊದಲ ನೋಟಕ್ಕೆ ಕ್ರೂರವೆನಿಸೀತು. ವಿಚಾರಿಸಿದರೆ ಅದರ ಯುಕ್ತತೆ ತಿಳಿಯುತ್ತದೆ. ಸ್ಕೀಯಲ್ಲಿ ಎರಡು ಕಾಲುಗಳಿಗೆ ಎರಡು ಹಲಗೆಗಳಿದ್ದು, ಬೀಳುವಾಗ ಅವು ಒಂದೊಂದು ದಿಕ್ಕಿಗೆ ಹಾಯಬಹುದು. ಆಗ ಮೊಳಕಾಲಿನ ಸಂಧಿಬಂಧಗಳು ಹರಿಯುವ ಭಯವುಂಟು. ಸ್ನೋಬೋರ್ಡಿನಲ್ಲಿ ಎರಡೂ ಕಾಲುಗಳು ಒಂದೇ ಹಲಗೆಯೊಡನೆ ಒಟ್ಟಾಗಿ ತಿರುಗುವುದರಿಂದ ಮೊಳಕಾಲು ಬಹುಮಟ್ಟಿಗೆ ಪಾರಾಗುತ್ತದೆ. ಅಲ್ಲಿ ಒಂದು ಪಾದವು ಕಳಚಿ ಇನ್ನೊಂದು ಸಿಕ್ಕಿಕೊಂಡಿತಾದರೆ, ಇಡೀ ಹಲಗೆಯೇ ಸನ್ನೆಯಾಗಿ ಆ ಉಳಿದ ಕಾಲನ್ನು ಮುರಿಯಬಲ್ಲುದು. ಆದುದರಿಂದ ಬೀಳುವ ಗಳಿಗೆಯ ಪ್ರಶ್ನೆಗೆ ಸ್ಕೀಯ ಉತ್ತರ ‘ಬಿಡು’ ಎಂದಾದರೆ, ಸ್ನೋಬೋರ್ಡಿನ ಉತ್ತರ ‘ಎರಡನ್ನೂ ಹಿಡಿದಿರು’ ಎಂಬುದು. ಅಲ್ಲಿ ಹೊಸಬನ ಪೆಟ್ಟೆಲ್ಲ ಹೆಚ್ಚಾಗಿ ಮಣಿಕಟ್ಟಿಗೆ. ಬೀಳುವಾಗ ಚಾಚಿದ ಕೈಯ ಮೇಲೆ ದೇಹದ ಭಾರವೆಲ್ಲ ಬೀಳುವುದೇ ಅದಕ್ಕೆ ಕಾರಣ. ದುಬಾರಿ ಬೈಂಡಿಂಗಿಗಾಗಿ ಕೂಡಿಟ್ಟ ಹಣದಲ್ಲಿ ಒಂದಂಶವನ್ನು ಮಣಿಕಟ್ಟಿನ ಕಾಪಿಗೂ ಹೆಲ್ಮೆಟ್ಟಿಗೂ ಮೀಸಲಿಡುವುದು ಜಾಣತನ.

ಸ್ನೋಬೋರ್ಡಿನ ಕ್ರೀಡೆಯು ಆರಂಭದಲ್ಲಿ ಬಂಧವಿಲ್ಲದೆಯೇ ನಡೆಯುತ್ತಿತ್ತು. ೧೯೬೫ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ನಿನಲ್ಲಿ ಶರ್ಮನ್ ಪಾಪ್ಪೆನ್ ಎಂಬಾತನು ಎರಡು ಸ್ಕೀಗಳನ್ನು ಜೋಡಿಸಿ ತನ್ನ ಹೆಣ್ಣುಮಕ್ಕಳಿಗೆಂದು ಮಾಡಿಕೊಟ್ಟ ಆಟಿಕೆಯು ಸ್ನರ್ಫರ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಾಗ, ಅದರ ಮೂತಿಗೆ ಕಟ್ಟಿದ ಹಗ್ಗವನ್ನು ಹಿಡಿದು ನಿಲ್ಲುವುದಷ್ಟೇ ಸವಾರನ ಆಧಾರವಾಗಿತ್ತು. ೧೯೭೭ರಲ್ಲಿ ವರ್ಮಾಂಟ್ ಸಂಸ್ಥಾನದಲ್ಲಿ ಹಲಗೆ ಮಾಡುವ ಉದ್ಯಮವನ್ನು ಹೂಡಿದ ಜೇಕ್ ಬರ್ಟನ್ ಕಾರ್ಪೆಂಟರ್ ಮೊದಲಾದವರು ಪಾದವನ್ನು ಪಟ್ಟಿಯಿಂದ ಬಿಗಿಯಲಾಗಿ, ಹಲಗೆಯು ಸವಾರನ ಇಚ್ಛೆಯಂತೆ ತಿರುಗತೊಡಗಿತು. ೧೯೯೮ರ ನಾಗಾನೊ ಒಲಿಂಪಿಕ್ಸಿನ ಹೊತ್ತಿಗೆ ಅದು ಒಲಿಂಪಿಕ್ ಕ್ರೀಡೆಯಾಯಿತು.

ಡೆನ್ವರ್, ಬಾಸ್ಟನ್, ಟೊರಾಂಟೊಗಳಲ್ಲಿ ನೆಲಸಿ ಚಳಿಗಾಲದಲ್ಲಿ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವ ನಮ್ಮ ಕನ್ನಡಿಗ ಕುಟುಂಬಗಳಿಗೂ, ಗುಲ್ಮಾರ್ಗಕ್ಕೋ ಔಲಿಗೋ ಹೋಗಿಬರುವ ಉತ್ಸಾಹಿಗಳಿಗೂ ಉಪಯೋಗವಾಗಲೆಂದು ಸ್ನೋಬೋರ್ಡಿನ ಬೈಂಡಿಂಗನ್ನು ಆರಿಸುವ ಕ್ರಮವನ್ನು ಇಲ್ಲಿ ಸಂಗ್ರಹಿಸಬಹುದು. ಮೊದಲು ಬೂಟು, ಆಮೇಲೆ ಬೈಂಡಿಂಗು. ಬೂಟಿನ ಅಳತೆಯೇ ಬೈಂಡಿಂಗಿನ ಅಳತೆಯನ್ನು ನಿರ್ಣಯಿಸುತ್ತದೆ. ಬೂಟು ಬೈಂಡಿಂಗಿನೊಳಗೆ ಪಕ್ಕಕ್ಕೆ ಅಲುಗಕೂಡದು. ಅದರ ತುದಿಯೂ ಹಿಮ್ಮಡಿಯೂ ಹಲಗೆಯ ಅಂಚಿನಿಂದ ಹೆಚ್ಚುಕಡಿಮೆ ಸಮನಾಗಿ ಹೊರಚಾಚಿರಬೇಕು. ಎರಡನೆಯದು ಬಿಗುವು. ತಯಾರಕರು ತಮ್ಮ ಸಾಮಾನಿನ ಬಿಗುವನ್ನು ಬಹುಮಟ್ಟಿಗೆ ೧ರಿಂದ ೧೦ರ ವರೆಗಿನ ಅಂಕೆಯಲ್ಲಿ ಸೂಚಿಸುವರಾದರೂ ಎಲ್ಲರಿಗೂ ಸಮಾನವಾದ ಮಾನದಂಡವಿಲ್ಲದುದರಿಂದ, ಒಬ್ಬರ ೫ ಇನ್ನೊಬ್ಬರ ೫ಕ್ಕೆ ಸಮನೆಂದು ಭ್ರಮಿಸಬಾರದು. ಹೊಸಬರಿಗೆ ೩ರಿಂದ ೫ರ ಒಳಗಿನ ಮೆತ್ತನೆಯ ಜಾತಿಯೇ ಹಿತ. ಬಿಗಿಯಾದ ಬೈಂಡಿಂಗು ಸವಾರನ ಸೂಕ್ಷ್ಮತಮವಾದ ಅಲುಗಾಟವನ್ನೂ ಹಲಗೆಗೆ ಮುಟ್ಟಿಸುತ್ತದೆ. ನುರಿತವನಿಗೆ ಅದು ವರ, ಕಲಿಯುವವನಿಗಾದರೋ ಅವನ ಪ್ರತಿಯೊಂದು ತಪ್ಪೂ ತತ್‌ಕ್ಷಣ ಹಲಗೆಯ ಅಂಚಿಗೆ ತಲುಪಿ ಅವನನ್ನು ಕೆಡಹುತ್ತದೆ.

ಮೂರನೆಯದು, ತೊಡುವ ಬಗೆ. ಕಣಕಾಲಿನ ಮೇಲೊಂದು, ಬೆರಳುಗಳ ಮೇಲೊಂದು ಎಂದು ಎರಡು ಪಟ್ಟಿಗಳಿರುವ ಹಳೆಯ ಬಗೆಯು ಎಲ್ಲ ಬೂಟಿಗೂ ಒಗ್ಗುತ್ತದೆ, ಕೆಟ್ಟರೆ ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಹಿಂಬದಿಯ ಆಸರೆಯನ್ನು ಮಲಗಿಸಿ ಹಿಂದಿನಿಂದ ಕಾಲು ತೂರಿಸುವ ಬಗೆಯು ಬೇಗನೆ ತೊಡಲು ಬರುತ್ತದೆ. ಬರ್ಟನ್ ಕಂಪನಿಯು ೨೦೧೭ರಲ್ಲಿ ತಂದ ಮೆಟ್ಟಿ ಕಚ್ಚಿಸುವ ಬಗೆಯು ಎಲ್ಲಕ್ಕಿಂತ ಸುಲಭವಾದರೂ ಅದಕ್ಕೆಂದೇ ಮಾಡಿದ ಬೂಟನ್ನು ಬೇಡುತ್ತದೆ. ಒಂದನ್ನು ಕೊಂಡವನು ಎರಡನ್ನೂ ಕೊಳ್ಳಬೇಕು. ನಾಲ್ಕನೆಯದಾಗಿ, ಹಲಗೆಯಲ್ಲಿರುವ ರಂಧ್ರಗಳ ವಿನ್ಯಾಸಕ್ಕೆ ಬೈಂಡಿಂಗಿನ ಬಿಲ್ಲೆಯು ಹೊಂದುವುದೇ ಎಂಬುದನ್ನು ಕೊಳ್ಳುವ ಮೊದಲೇ ನೋಡಬೇಕು. ನಾಲ್ಕು ನಾಲ್ಕು ಸೆಂಟಿಮೀಟರಿನ ಚೌಕದ ವಿನ್ಯಾಸ ಅನೇಕ ಹಲಗೆಗಳಲ್ಲಿ ಕಾಣುವುದಾದರೂ, ಉದ್ದನೆಯ ಒಂದೇ ಕಾಲುವೆಯುಳ್ಳ ಹಲಗೆಗಳೂ ಇವೆ. ಮುಂದಿನ ಪಾದವನ್ನು ಸುಮಾರು ೧೫ ಅಂಶಗಳಷ್ಟು ಮುಂದಕ್ಕೂ, ಹಿಂದಿನದನ್ನು ನೇರವಾಗಿ ಅಥವಾ ಕೆಲವು ಅಂಶ ಹಿಂದಕ್ಕೂ ತಿರುಗಿಸಿ, ಹಿಂಬದಿಯ ಆಸರೆಯನ್ನು ಮುಂದಕ್ಕೆ ಬಾಗಿಸದೆ ನೆಟ್ಟಗಿರಿಸಿದರೆ ಕಲಿಕೆಗೆ ಸಾಕು. ಮೊದಲ ಋತುವನ್ನು ಬಾಡಿಗೆಯ ಸಾಮಾನಿನಲ್ಲಿ ಕಳೆದು, ತನ್ನ ಎಡಗಾಲು ಮುಂದೆ ನಿಲ್ಲಬಯಸುವುದೋ ಬಲಗಾಲೋ ಎಂಬುದನ್ನಾದರೂ ತಿಳಿದುಕೊಂಡ ಬಳಿಕ ಕೊಳ್ಳುವುದು ಲೇಸು.

ಇನ್ನು ನಮ್ಮ ನೆಲಕ್ಕೆ ಮರಳೋಣ. ಇಲ್ಲಿ ಹೊಸಬನು ಬೀಳುವುದು ಬಹುಪಾಲು ವೇಗದಲ್ಲಲ್ಲ, ನಿಂತಲ್ಲಿ. ಕಬ್ಬು ಹೇರಿದ ಟ್ರ್ಯಾಕ್ಟರು ಅಡ್ಡದಾರಿಯಿಂದ ಇದ್ದಕ್ಕಿದ್ದಂತೆ ತಲೆ ಹಾಕುತ್ತದೆ; ಎಮ್ಮೆಗಳ ಹಿಂಡು ದಾರಿ ದಾಟುತ್ತದೆ; ಊರ ಬಾಗಿಲಲ್ಲಿ ಯಾರೋ ಕಟ್ಟಿದ ಉಬ್ಬು ಎದುರಾಗುತ್ತದೆ. ಸವಾರನು ಬ್ರೇಕು ಹಿಡಿಯುತ್ತಾನೆ, ಸೈಕಲ್ಲು ನಿಲ್ಲುತ್ತದೆ, ಕಾಲು ಮಾತ್ರ ಪೆಡಲಿನಲ್ಲಿಯೇ ಉಳಿಯುತ್ತದೆ; ಅವನು ಕಡಿದ ಮರದಂತೆ ಪಕ್ಕಕ್ಕೆ ಒರಗಿ, ಮಣಿಕಟ್ಟನ್ನೋ ಭುಜದ ಎಲುಬನ್ನೋ ನೋಯಿಸಿಕೊಳ್ಳುತ್ತಾನೆ. ಆದುದರಿಂದ ರಸ್ತೆಯ ಸವಾರನಿಗೆ ಬೇಕಾದುದು, ಮನಸ್ಸು ಗಾಬರಿಗೊಂಡಾಗಲೂ ಕಾಲು ತಾನಾಗಿ ಬಿಡಿಸಿಕೊಳ್ಳಬಲ್ಲ ಬಂಧ.

ಹಾಗಿದ್ದರೆ ಬಂಧಿಸುವುದಾದರೂ ಏಕೆ? ಕೆಳಗೆ ಒತ್ತಿದ ಕಾಲನ್ನು ಮೇಲಕ್ಕೆಳೆದು ಇಮ್ಮಡಿ ಬಲವನ್ನು ಪಡೆಯುವುದಕ್ಕಾಗಿ ಎಂದು ಅನೇಕರು ನಂಬಿದ್ದಾರೆ. ಆದರೆ ಸಮವೇಗದ ಸವಾರಿಯಲ್ಲಿ ನುರಿತವರೂ ಬಲವನ್ನು ಹಾಕುವುದು ಬಹುತೇಕ ಕೆಳದುಳಿತದಲ್ಲಿಯೇ. ಬಂಧದ ನಿಜವಾದ ಪ್ರಯೋಜನ ಬೇರೆ. ನಿಮಿಷಕ್ಕೆ ೯೦ ಸುತ್ತಿನಂತೆ ತಿರುಗುವ ಪಾದವು ಪ್ರತಿ ಸುತ್ತಿನಲ್ಲಿಯೂ ಪೆಡಲಿನ ಅದೇ ತಾವಿನಲ್ಲಿ ಇರುತ್ತದೆ. ಉಬ್ಬುತಗ್ಗಿನಲ್ಲಿಯೂ ಮಳೆಯಲ್ಲಿಯೂ ಜಾರುವುದಿಲ್ಲ. ಆಸನದಿಂದೆದ್ದು ಕೊನೆಯ ಗುರಿಗೆ ನುಗ್ಗುವಾಗ ಸಡಿಲುವುದಿಲ್ಲ. ಇವು ಸ್ಪರ್ಧಿಗೆ ಬೇಕಾದ ಗುಣಗಳು; ಸೈಕಲ್ಲಿನ ಮೇಲೆ ಸಮತೋಲವನ್ನೇ ಇನ್ನೂ ಪೂರ್ತಿ ಸಾಧಿಸದವನಿಗೆ ಅವಸರವಿಲ್ಲ. ಆದ ಕಾರಣ ಮೊದಲ ಕೆಲವು ತಿಂಗಳು ಮುಳ್ಳುಮೊಳೆಗಳುಳ್ಳ ಅಗಲವಾದ ಚಪ್ಪಟೆ ಪೆಡಲೂ, ತಳ ಗಟ್ಟಿಯಾದ ಬೂಟೂ ಸಾಕೆಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಗುಂಪಿನಲ್ಲಿ ಸಾಗುವುದು, ತಿರುವಿನಲ್ಲಿ ಬಾಗುವುದು, ಒಂದು ಕೈ ಬಿಟ್ಟು ನೀರು ಕುಡಿಯುವುದು ಇವೆಲ್ಲ ಸಹಜವಾದ ಮೇಲೆ ಬಂಧದ ಮಾತು.

ಆ ಹೊತ್ತು ಬಂದಾಗ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಕುಲಗಳು ಕಾಣುತ್ತವೆ. ಬೂಟಿಗೆ ಎರಡು ತಿರುಪುಗಳಿಂದ ಕೂರುವ, ಲೋಹದ ಚಿಕ್ಕ ಕ್ಲೀಟಿನ ಎಸ್‌ಪಿಡಿ ಕುಲವೊಂದು. ಮೂರು ತಿರುಪುಗಳಿಂದ ಕೂರುವ, ಪ್ಲಾಸ್ಟಿಕ್ಕಿನ ದೊಡ್ಡ ಕ್ಲೀಟಿನ ರಸ್ತೆಸ್ಪರ್ಧೆಯ ಕುಲ ಇನ್ನೊಂದು. ದೊಡ್ಡ ಕ್ಲೀಟು ಒತ್ತಡವನ್ನು ಅಗಲಕ್ಕೆ ಹಂಚುವುದರಿಂದ ದೀರ್ಘ ಸ್ಪರ್ಧೆಗೆ ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜೈನಾಪುರದ ಹುಡುಗನು ಮನೆಯ ಬಾಗಿಲಿನಿಂದ ಡಾಂಬರು ರಸ್ತೆಯನ್ನು ಸೇರುವ ಮೊದಲು ಹೊಲದ ಹಾದಿಯನ್ನು ತುಳಿಯಬೇಕು. ಒಂದು ಮಳೆ ಬಿದ್ದರೆ ಸಾಕು, ಎರೆಮಣ್ಣು ಹೆಜ್ಜೆ ಹೆಜ್ಜೆಗೂ ಪದರವಾಗಿ ಅಂಗಾಲಿಗೆ ಮೆತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನ ಚಪ್ಪಟೆ ಕ್ಲೀಟಿನಲ್ಲಿ ಆ ಮಣ್ಣು ತುಂಬಿದರೆ ಪೆಡಲು ಕಚ್ಚುವುದೂ ಇಲ್ಲ, ಕಚ್ಚಿದರೆ ಬಿಡುವುದೂ ಇಲ್ಲ. ಚಿಕ್ಕ ಲೋಹದ ಕ್ಲೀಟು ಕೆಸರಿನ ಬೆಟ್ಟಹಾದಿಗೆಂದೇ ಹುಟ್ಟಿದುದು. ಬೂಟಿನ ತಳದ ಕುಳಿಯಲ್ಲಿ ಅಡಗಿರುವುದರಿಂದ ಅದನ್ನು ತೊಟ್ಟೇ ನಡೆಯಬಹುದು, ಪಂಕ್ಚರಾದಾಗ ಸೈಕಲ್ಲನ್ನು ತಳ್ಳಿಕೊಂಡು ಊರು ಸೇರಬಹುದು. ನಮ್ಮ ಹೊಸಬರಿಗೆ ಮೊದಲ ಬಂಧವಾಗಿ ಎರಡು ತಿರುಪಿನದೇ ಯೋಗ್ಯವೆಂಬ ನನ್ನ ಅಭಿಪ್ರಾಯಕ್ಕೆ ಈ ಮಣ್ಣೇ ಮೊದಲ ಸಾಕ್ಷಿ.

ಆ ಕುಲದಲ್ಲಿಯೂ ಶಿಮಾನೊ ಎರಡು ಬಗೆಯ ಕ್ಲೀಟುಗಳನ್ನು ಮಾಡುತ್ತದೆ. ಎಸ್‌ಎಚ್-೫೧ ಎಂಬುದು ಹಿಮ್ಮಡಿಯನ್ನು ಪಕ್ಕಕ್ಕೆ ಹೊರಳಿಸಿದಾಗ ಮಾತ್ರ ಬಿಡುತ್ತದೆ. ಎಸ್‌ಎಚ್-೫೬ ಎಂಬುದು ಕಾಲನ್ನು ಮೇಲಕ್ಕೆ ಕಿತ್ತಾಗಲೂ, ಓರೆಯಾಗಿ ಎಳೆದಾಗಲೂ ಬಿಡುತ್ತದೆ. ಗಾಬರಿಯಾದವನು ಕಾಲನ್ನು ಹೊರಳಿಸುವುದಿಲ್ಲ, ಕೀಳುತ್ತಾನೆ. ಆದುದರಿಂದ ಆರಂಭಕ್ಕೆ ಎರಡನೆಯದೇ ಸರಿ. ಎತ್ತನ್ನು ಗೂಟಕ್ಕೆ ಕಟ್ಟುವ ರೈತನು, ಎತ್ತು ಎಷ್ಟು ಜಗ್ಗಿದರೂ ಬಿಚ್ಚದ, ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಮಾತ್ರ ತನ್ನ ಕೈಯ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟನ್ನು ಹಾಕುತ್ತಾನಲ್ಲವೆ, ಆ ಗಂಟಿನ ಜಾಣ್ಮೆಯೇ ಇಲ್ಲಿಯೂ ಬೇಕಾದುದು. ಪೆಡಲಿನ ಸ್ಪ್ರಿಂಗಿನ ಬಿಗುವನ್ನು ಹೆಚ್ಚುಕಡಿಮೆ ಮಾಡುವ ಚಿಕ್ಕ ತಿರುಪೊಂದು ಪ್ರಾಯಶಃ ಎಲ್ಲದರಲ್ಲಿಯೂ ಇರುತ್ತದೆ. ಅದನ್ನು ಕನಿಷ್ಠಕ್ಕಿಳಿಸಿಯೇ ಮೊದಲ ಸವಾರಿಗೆ ಹೊರಡಬೇಕು. ತುಳಿಯುವಾಗ ಕಾಲು ತಾನಾಗಿ ಕಳಚತೊಡಗಿದರೆ ಮಾತ್ರ ಸ್ವಲ್ಪಸ್ವಲ್ಪವಾಗಿ ಬಿಗಿಯಬಹುದು.

ಮುಂದೆ ಸ್ಪರ್ಧೆಗಿಳಿದು ಮೂರು ತಿರುಪಿನ ಕುಲಕ್ಕೆ ಹೋಗುವವರು ಬಣ್ಣದ ವಿಷಯದಲ್ಲಿ ಎಚ್ಚರವಾಗಿರಬೇಕು. ಕಚ್ಚಿಕೊಂಡ ಪಾದವು ಬಿಡದೆಯೇ ಎಡಬಲಕ್ಕೆ ಎಷ್ಟು ಹೊರಳಬಲ್ಲುದೆಂಬುದನ್ನು ತಯಾರಕರು ಕ್ಲೀಟಿನ ಬಣ್ಣದಿಂದ ಸೂಚಿಸುತ್ತಾರೆ. ಶಿಮಾನೊದಲ್ಲಿ ಹಳದಿಗೆ ೬ ಅಂಶ, ನೀಲಿಗೆ ೨, ಕೆಂಪಿಗೆ ಸೊನ್ನೆ. ಲುಕ್ ಕಂಪನಿಯ ಕಿಯೊ ಬಗೆಯಲ್ಲಿ ಕೆಂಪಿಗೆ ೯ ಅಂಶ, ಬೂದುಬಣ್ಣಕ್ಕೆ ೪.೫, ಕಪ್ಪಿಗೆ ಸೊನ್ನೆ. ಒಂದೇ ಕೆಂಪು ಒಂದು ಕಡೆ ಅತ್ಯಂತ ಸಡಿಲ, ಇನ್ನೊಂದು ಕಡೆ ಕಿಂಚಿತ್ತೂ ಅಲುಗದ ಬಿಗಿ! ಸ್ನೇಹಿತನ ಬೂಟಿನಲ್ಲಿ ಕಂಡ ಬಣ್ಣವನ್ನು ನೆನಪಿಟ್ಟು ಅಂಗಡಿಗೆ ಹೋದವನು ತನಗೆ ಬೇಕಾದುದರ ತದ್ವಿರುದ್ಧವನ್ನು ತಂದಾನು. ಹೊಸಬರಿಗೆ ಹೊರಳಲು ಅವಕಾಶ ಹೆಚ್ಚಿರುವುದೇ ಕ್ಷೇಮ. ಏಕೆಂದರೆ ಮೇಲೆ ಹೇಳಿದ ೯೦ ಸುತ್ತಿನ ಲೆಕ್ಕದಲ್ಲಿ ಒಂದು ಗಂಟೆಗೆ ಪ್ರತಿ ಮೊಳಕಾಲೂ ೫,೪೦೦ ಬಾರಿ ಮಡಿಸಿ ಬಿಚ್ಚುವುದರಿಂದ, ಕ್ಲೀಟು ಒಂದಿಷ್ಟು ಓರೆಯಾಗಿ ಕೂತಿದ್ದು ಪಾದಕ್ಕೆ ಹೊರಳುವ ಎಡೆಯೂ ಇಲ್ಲದಿದ್ದರೆ ಆ ಓರೆಯ ದಂಡವನ್ನು ಮೊಳಕಾಲು ಅಷ್ಟೇ ಬಾರಿ ತೆರಬೇಕಾಗುತ್ತದೆ. ಕ್ಲೀಟನ್ನು ಹೆಬ್ಬೆರಳ ಬುಡದ ಗೆಣ್ಣಿನ ನೇರಕ್ಕೆ, ಅಥವಾ ಅದಕ್ಕಿಂತ ತುಸು ಹಿಂದಕ್ಕೆ ಕೂರಿಸಿ, ತನ್ನ ಪಾದವು ನಡೆಯುವಾಗ ಸ್ವಭಾವತಃ ಯಾವ ಕಡೆಗೆ ತಿರುಗಿರುವುದೋ ಅದೇ ಕೋನವನ್ನು ಅದಕ್ಕೂ ಕೊಡುವುದು ವಾಡಿಕೆ.

ಬೂಟಿನ ವಿಷಯದಲ್ಲಿ ನಮ್ಮ ಹವೆಗೆ ತಕ್ಕ ಒಂದು ಮಾತುಂಟು. ಏಪ್ರಿಲ್ ಮೇ ತಿಂಗಳ ಬೇಗೆಯಲ್ಲಿ ಪಾದಗಳು ಊದಿಕೊಳ್ಳುವುದರಿಂದ, ಬೆಳಗಿನ ತಂಪಿನಲ್ಲಿ ಸರಿಹೊಂದಿದ ಬೂಟು ಮಧ್ಯಾಹ್ನದ ಹೊತ್ತಿಗೆ ಬೆರಳುಗಳನ್ನು ಮರಗಟ್ಟಿಸೀತು. ಸಂಜೆಯ ವೇಳೆ, ಸವಾರಿಯ ಕಾಲುಚೀಲವನ್ನೇ ತೊಟ್ಟು ಅಳತೆ ನೋಡುವುದು ಒಳ್ಳೆಯದು. ಮುಂದಿನ ವರ್ಷಕ್ಕೂ ಆಗಲೆಂದು ಬೆಳೆಯುವ ಮಕ್ಕಳಿಗೆ ಒಂದು ಅಳತೆ ದೊಡ್ಡದನ್ನು ತರುವ ಗೃಹಸ್ಥರ ಮಿತವ್ಯಯವು ಇತರ ವಿಷಯಗಳಲ್ಲಿ ಶ್ಲಾಘ್ಯವೇ ಆದರೂ ಇಲ್ಲಿ ಸಲ್ಲದು; ಬೂಟಿನೊಳಗೆ ಹಿಮ್ಮಡಿಯು ಜಾರುತ್ತಿದ್ದರೆ, ಹೊರಳಿಸಿದ ಕಾಲು ಬೂಟಿನೊಳಗೆ ತಿರುಗೀತೇ ಹೊರತು ಕ್ಲೀಟನ್ನು ತಿರುಗಿಸದು. ಮಿತವ್ಯಯಕ್ಕೆ ಬೇರೆ ದಾರಿಯುಂಟು: ಪೆಡಲು ಬಹುವರ್ಷ ಬಾಳುತ್ತದೆ, ಕ್ಲೀಟು ಮುಂದಿನ ಬೂಟಿಗೂ ವರ್ಗವಾಗುತ್ತದೆ, ಬೂಟನ್ನು ತಮ್ಮನಿಗೋ ತಂಗಿಗೋ ದಾಟಿಸಬಹುದು. ಬೇರೆಯವರು ಬಳಸಿದ ಪೆಡಲನ್ನು ಕೊಳ್ಳುವುದರಲ್ಲಿ ದೋಷವಿಲ್ಲ. ಸವೆದ ಕ್ಲೀಟನ್ನು ಕೊಳ್ಳುವುದರಲ್ಲಿ ಉಂಟು, ಏಕೆಂದರೆ ಅದು ಬೇಕಾದಾಗ ಬಿಡದೆ, ಬೇಡವಾದಾಗ ಬಿಡುತ್ತದೆ.

ಒಂದು ಅಪವಾದವನ್ನೂ ಹೇಳದಿದ್ದರೆ ಈ ವಿವೇಚನೆ ಅಪೂರ್ಣವಾದೀತು. ವೆಲೋಡ್ರೋಮಿನ ಓರೆಗಟ್ಟಿದ ಸುತ್ತುಪಥದಲ್ಲಿ ಓಡುವ ಸೈಕಲ್ಲಿಗೆ ಬ್ರೇಕೂ ಇಲ್ಲ, ಪೆಡಲನ್ನು ನಿಲ್ಲಿಸಿ ಚಕ್ರವನ್ನು ಓಡಗೊಡುವ ವ್ಯವಸ್ಥೆಯೂ ಇಲ್ಲ. ಚಕ್ರ ತಿರುಗುವಷ್ಟು ಕಾಲವೂ ಪೆಡಲು ತಿರುಗುತ್ತಲೇ ಇರುತ್ತದೆ. ಅಲ್ಲಿ ನಡುವೇಗದಲ್ಲಿ ಪಾದವು ಕಳಚಿತೆಂದರೆ, ತಡೆಯಿಲ್ಲದೆ ಸುತ್ತುವ ಪೆಡಲು ಆ ಕಾಲನ್ನೇ ಬಡಿಯುತ್ತದೆ. ಆದುದರಿಂದಲೇ ಅಲ್ಲಿನ ವೇಗಸ್ಪರ್ಧಿಗಳಲ್ಲಿ ಹಲವರು ಕ್ಲೀಟಿನ ಮೇಲೆ ಪಟ್ಟಿಯನ್ನೂ ಬಿಗಿದುಕೊಳ್ಳುವರು. ಅವರನ್ನು ಏರಿಸಲೂ ಇಳಿಸಲೂ ಇನ್ನೊಬ್ಬರು ಹಿಡಿದು ನಿಂತಿರುತ್ತಾರೆ. ಅಂಥ ಸ್ಪರ್ಧಿಯ ಚಿತ್ರವನ್ನು ನೋಡಿ ಅವನ ಬಿಗುವನ್ನು 'ಚಾಂಪಿಯನ್ನರ ಬಿಗುವು' ಎಂದು ರಸ್ತೆಗೆ ತಂದುಕೊಳ್ಳುವ ಬಾಲಕನು, ಅವನನ್ನು ಹಿಡಿದು ನಿಲ್ಲುವವರನ್ನು ಮಾತ್ರ ತರಲಾರನು. ಬೀಳುವ ಗಳಿಗೆಯ ಪ್ರಶ್ನೆಯು ಎಲ್ಲೆಡೆಯೂ ಒಂದೇ. ಉತ್ತರವನ್ನು ಆಯಾ ನೆಲವೂ ಆಯಾ ಯಂತ್ರವೂ ಕೊಡಬೇಕು. ಸ್ಕೀಯ ಉತ್ತರವನ್ನು ಸ್ನೋಬೋರ್ಡಿಗೆ ಒಪ್ಪಿಸಿದರೂ, ಸುತ್ತುಪಥದ ಉತ್ತರವನ್ನು ತಿಕೋಟಾ ರಸ್ತೆಗೆ ಒಪ್ಪಿಸಿದರೂ ಅಪಾಯವೊಂದೇ.

ಕೊಳ್ಳುವವರಿಗೂ ಕಲಿಸುವವರಿಗೂ ಕೊನೆಯದಾಗಿ ಒಂದು ಪರೀಕ್ಷೆಯನ್ನು ಸೂಚಿಸುತ್ತೇನೆ. ಹೊಸ ಪೆಡಲನ್ನು ಜೋಡಿಸಿದ ದಿನ ರಸ್ತೆಗಿಳಿಯದೆ, ಗೋಡೆಯ ಪಕ್ಕದಲ್ಲಿ ಸೈಕಲ್ಲನ್ನೇರಿ ಒಂದು ಕೈಯನ್ನು ಗೋಡೆಗೂರಿ, ಮೊದಲು ಎಡಗಾಲನ್ನೂ ಆಮೇಲೆ ಬಲಗಾಲನ್ನೂ ಕಚ್ಚಿಸಿ ಬಿಡಿಸುವುದನ್ನು, ನೋಡದೆಯೂ ಯೋಚಿಸದೆಯೂ ಆಗುವಷ್ಟು ಸಲ ಅಭ್ಯಾಸ ಮಾಡಿಸಿರಿ. ತರುವಾಯ ಹುಲ್ಲಿನ ಮೈದಾನದಲ್ಲಿ ಮೆಲ್ಲನೆ ತುಳಿಸುತ್ತ, ಹಿಂದಿನಿಂದ ಹಠಾತ್ತನೆ 'ನಿಲ್ಲು' ಎಂದು ಕೂಗಿರಿ. ಬ್ರೇಕಿಗೆ ಕೈ ಹೋಗುವ ಮುನ್ನವೇ ಅವನ ಹಿಮ್ಮಡಿ ಹೊರಕ್ಕೆ ಹೊರಳಿ, ಬಿಡಿಸಿಕೊಂಡ ಕಾಲಿನ ಕಡೆಗೇ ಅವನ ಭಾರ ಒಲೆದರೆ ಅವನನ್ನು ರಸ್ತೆಗೆ ಬಿಡಬಹುದು. ಇಲ್ಲವಾದಲ್ಲಿ ಚಪ್ಪಟೆ ಪೆಡಲನ್ನೇ ಮರಳಿ ಹಾಕಿ, ಇನ್ನೊಂದು ತಿಂಗಳು ತಡೆದು, ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿರಿ. ಅಷ್ಟು ಕಾಲದಲ್ಲಿ ಅವನು ಕಳೆದುಕೊಳ್ಳುವ ವೇಗ ಅತ್ಯಲ್ಪ, ಮಣಿಕಟ್ಟು ಮುರಿದು ಮನೆಯಲ್ಲಿ ಕೂತರೆ ಕಳೆದುಕೊಳ್ಳುವುದು ಇಡೀ ಋತು.